ಬಿಸಿಲಲ್ಲಿ ಬಂದ ಹೊಳೆ

ಮಳೆಗಾಲ ಬಂದರೆ ಸಾಕು, ಪೇಪರಿನಲ್ಲಿ ಒಂದು ಫೋಟೋ ತಪ್ಪದೆ ಬರುತ್ತದೆ. ತುಂಬಿ ನಿಂತ ಡ್ಯಾಮು, ಅದರ ಮುಂದೆ ಪೇಟ ಸುತ್ತಿಕೊಂಡ ದೊಡ್ಡವರು, ಕೈಯಲ್ಲಿ ಬಾಗಿನದ ಮೊರ, ಮುಖದ ತುಂಬ ನಗು. ಆ ಪುಟ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ‘ಬಂತು ನೋಡು ನಿಮ್ಮಮ್ಮನ ಫೋಟೋ’ ಎಂದು ನಮ್ಮ ಮನೆಯವರು ಮಕ್ಕಳ ಮುಂದೆ ತಮಾಷೆ ಮಾಡುತ್ತಾರೆ. ಮಾಡಲಿ. ಅವರು ಡ್ಯಾಮಿನ ಕೆಳಗೆ ಹುಟ್ಟಿದವರಲ್ಲ.

ನಾನು ಹುಟ್ಟಿದ್ದು ಮೊಳಕಾಲ್ಮುರು ತಾಲ್ಲೂಕಿನ ಒಂದು ನೇಕಾರರ ಊರಿನಲ್ಲಿ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಅಪ್ಪನನ್ನು ನಾಯನ ಎನ್ನುತ್ತಿದ್ದೆವು, ಅವನ ತಾಯಿಯನ್ನು, ಅಂದರೆ ನಮ್ಮ ಅಜ್ಜಿಯನ್ನು, ಅವ್ವ ಎನ್ನುತ್ತಿದ್ದೆವು. ನಾಯನ ರೇಷ್ಮೆ ಸೀರೆ ನೇಯುತ್ತಿದ್ದ. ನಾನು ಈಗ ಬರೆಯುತ್ತಿರುವುದು ಅವನಿಗೆ ಸಿಗಬೇಕಾಗಿದ್ದ ಒಂದು ಕಾಗದದ ವಿಷಯ. ಅದು ದುಡ್ಡಿನ ಕಾಗದವಲ್ಲ. ‘ಗೇಟು ತೆಗೆದವರು ನಾವು’ ಎಂದು ಡ್ಯಾಮಿನ ಆಫೀಸಿನವರು ಬರೆದುಕೊಡಬೇಕಾಗಿದ್ದ ಒಂದೇ ಒಂದು ಸಾಲು. ಅದು ಸಿಕ್ಕಿದ್ದರೆ ನನ್ನ ಅಪ್ಪ ತನ್ನ ಬೀದಿಯಲ್ಲಿ ತಲೆ ಎತ್ತಿಕೊಂಡು ಓಡಾಡಿರುತ್ತಿದ್ದ.

ನಮ್ಮ ಕಡೆ ಮಗ್ಗವೆಂದರೆ ಗುಂಡಿ ಮಗ್ಗ. ನೆಲದಲ್ಲಿ ತೊಡೆಯುದ್ದ ಗುಂಡಿ ತೋಡಿ, ನೇಯುವವರು ಅದರ ದಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟು ಹಲಗೆ ತುಳಿಯಬೇಕು. ಕಾಲಿಗೆ ಜಾಗ ಬೇಕು ಎನ್ನುವುದೊಂದೇ ಇದಕ್ಕೆ ಕಾರಣವಲ್ಲ. ರೇಷ್ಮೆ ಎಳೆಗೆ ತೇವ ಬೇಕು. ನಮ್ಮ ಸೀಮೆಯ ಗಾಳಿ ನಿಮಗೆ ಗೊತ್ತಿರಬಹುದು, ತುಟಿ ಒಡೆಯುವ ಗಾಳಿ. ಆ ಗಾಳಿಗೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ, ಎಳೆಗಳು ಪಟಪಟನೆ ಕಡಿದುಹೋಗುತ್ತವೆ. ಗುಂಡಿಯ ಮಣ್ಣಿನಿಂದ ತಣ್ಣಗೆ ಮೇಲೇಳುವ ತೇವವೇ ಎಳೆಯನ್ನು ಕಾಪಾಡುವುದು. ಬೇಸಿಗೆಯಲ್ಲಿ ಗುಂಡಿಗೆ ನೀರು ಚಿಮುಕಿಸಿ, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುವುದು ಮನೆಯ ಹೆಣ್ಣುಮಕ್ಕಳ ಕೆಲಸ. ನಾನು ಶಾಲೆಗೆ ಹೋಗುವ ಮುಂಚೆ ದಿನಾ ಆ ಕೆಲಸ ಮಾಡಿದ್ದೇನೆ.

ಡ್ಯಾಮು ಕಟ್ಟುವ ಮುಂಚಿನ ಹೊಳೆಯನ್ನು ನಾನು ಸರಿಯಾಗಿ ಕಂಡವಳಲ್ಲ. ಅವ್ವ ಹೇಳುತ್ತಿದ್ದಳು. ಮಳೆಗಾಲದಲ್ಲಿ ಎರಡು ಸಲವೋ ಮೂರು ಸಲವೋ ಹೊಳೆ ಬರುತ್ತಿತ್ತಂತೆ. ಮೇಲಿನ ಗುಡ್ಡದ ಕಡೆ ಮೋಡ ಕಪ್ಪಾದರೆ ಊರಿಗೆ ಗೊತ್ತಾಗುತ್ತಿತ್ತು. ಮೊದಲು ನೊರೆ, ಕಸಕಡ್ಡಿ, ಆಮೇಲೆ ಪಾದ ಮುಳುಗುವಷ್ಟು ಕೆಂಪು ನೀರು, ಅರ್ಧ ದಿನಕ್ಕೆ ಮೊಣಕಾಲು. ಮಾಡುವ ಕೆಲಸ ಮುಗಿಸಿ, ಕೈಕಾಲು ತೊಳೆದು, ದನ ಹೊಡೆದುಕೊಂಡು ಮೇಲೆ ಬರುವಷ್ಟು ವ್ಯವಧಾನ ಕೊಡುತ್ತಿತ್ತು. ನೀರು ಇಳಿದ ಮೇಲೆ ಊರಿನ ಬಾವಿಗಳೆಲ್ಲ ತುಂಬಿರುತ್ತಿದ್ದವು, ಮಗ್ಗದ ಗುಂಡಿಗಳು ಯುಗಾದಿಯ ತನಕ ತಂಪಾಗಿರುತ್ತಿದ್ದವು. ಹೊಳೆ ಹರಡುವ ಕೆಳಗಿನ ಬಯಲಿನಲ್ಲಿ ಮಾತ್ರ ಯಾರೂ ಗೂಟ ಕೂಡ ನೆಡುತ್ತಿರಲಿಲ್ಲ. ಯಾರೂ ಬೋರ್ಡು ಹಾಕಿರಲಿಲ್ಲ, ಯಾರೂ ದಂಡ ಹಾಕುತ್ತಿರಲಿಲ್ಲ. ಅದು ಹೊಳೆಯ ಜಾಗ, ಅಷ್ಟೇ.

ಆಮೇಲೆ ಡ್ಯಾಮು ಬಂತು. ಹೊಳೆ ನಿಂತಿತು. ಸಣ್ಣ ನೆರೆಗಳನ್ನೆಲ್ಲ ಡ್ಯಾಮೇ ಕುಡಿದುಬಿಡುತ್ತಿತ್ತು. ಕಾಲುವೆ ಯಾವ ಊರಿಗೆ ಹೋಯಿತೋ ಆ ಊರಿನವರು ಸುಖವಾಗಿದ್ದಾರು, ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಊರಿಗೆ ಕಾಲುವೆಯೂ ಬರಲಿಲ್ಲ, ಹೊಳೆಯೂ ಉಳಿಯಲಿಲ್ಲ. ಹೊಳೆಯ ಮೈಯಲ್ಲಿ ಬಳ್ಳಾರಿ ಜಾಲಿ ಎದ್ದಿತು. ಮೊದಲು ಒಂದೆರಡು ಗಿಡ, ಆಮೇಲೆ ಮೇಕೆ ಕೂಡ ನುಗ್ಗಲಾರದಷ್ಟು ದಟ್ಟ ಮುಳ್ಳು. ವರ್ಷಕ್ಕೆರಡು ಸಲ ನೀರು ಹರಿದಿದ್ದರೆ ಆ ಗಿಡಗಳು ಬೇರೂರುತ್ತಿರಲಿಲ್ಲ. ಬಾವಿಗಳು ಒಂದೊಂದಾಗಿ ಒಣಗಿದವು. ನಮ್ಮ ಮೇಲಿನ ಬೀದಿಯ ಗುಂಡಿಗಳು ಎಷ್ಟು ನೀರು ಚಿಮುಕಿಸಿದರೂ ಮಧ್ಯಾಹ್ನದೊಳಗೆ ಬಿರುಕು ಬಿಡುತ್ತಿದ್ದವು. ನಾಯನ ಒಂದು ಮೊಳ ನೇಯುವಷ್ಟರಲ್ಲಿ ಹತ್ತು ಸಲ ಬಗ್ಗಿ ಎಳೆ ಗಂಟು ಹಾಕುತ್ತಿದ್ದ. ಗಂಟು ಕಂಡ ಸೀರೆಯನ್ನು ಸಾಹುಕಾರರು ಪಕ್ಕಕ್ಕೆ ಎಸೆಯುತ್ತಿದ್ದರು.

ಆಗ ನಾಯನ ಒಂದು ದಿನ ಕೆಳಗಿನ ಬಯಲಿಗೆ ಹೋಗಿ ನೆಲ ಅಗೆದು ನೋಡಿದ. ಮೊಣಕೈಯುದ್ದ ಅಗೆದರೆ ಮಣ್ಣು ಕೈಗೆ ಅಂಟುತ್ತಿತ್ತು. ಆ ಮಣ್ಣನ್ನು ಹಿಡಿ ಮಾಡಿಕೊಂಡು ಮನೆಗೆ ತಂದು ಅಮ್ಮನ ಅಂಗೈಗೆ ಹಾಕಿದ. ‘ನೋಡೇ, ಇನ್ನೂ ತಣ್ಣಗೈತೆ’ ಎಂದ. ಅವನ ಮುಖ ಆ ಪರಿ ಅರಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಬೇರೆ ಯಾರೂ ತೇವ ಇದೆಯೆಂದು ಹೊಳೆಯೊಳಗೆ ಮನೆ ಕಟ್ಟುವುದಿಲ್ಲ. ತೇವ ಕಂಡರೆ ದೂರ ಹೋಗುತ್ತಾರೆ, ಗೋಡೆ ಕೆಡುತ್ತದೆ ಎನ್ನುತ್ತಾರೆ. ನೇಕಾರನೊಬ್ಬನೇ ಅದರ ಹಿಂದೆ ಹೋಗುವವನು.

ಅವ್ವ ಆಗ ಹಾಸಿಗೆ ಹಿಡಿದಿದ್ದಳು. ‘ಬೇಡ ಕಣೋ, ಅದು ಅದರ ಜಾಗ’ ಎಂದಳು. ನಾಯನ ತಾಯಿಯ ಮಾತು ತೆಗೆದುಹಾಕುವವನಲ್ಲ, ಹಾಗೆಂದು ಸುಮ್ಮನೆ ಕೂರುವವನೂ ಅಲ್ಲ. ‘ತಿಳಿದವರನ್ನ ಕೇಳ್ಕೊಂಡು ಬರ್ತೀನಿ’ ಎಂದು ನನ್ನನ್ನು ಕರೆದುಕೊಂಡು ಹೊರಟ. ತೊಂಬತ್ತರ ದಶಕದ ನಡುವಿನ ಮಾತು ಇದು, ನಾನು ಹೈಸ್ಕೂಲಿನಲ್ಲಿದ್ದೆ. ಬಿ.ಜಿ. ಕೆರೆಯಲ್ಲಿ ಬಸ್ಸು ಬದಲಿಸಿ, ಚಳ್ಳಕೆರೆಯಲ್ಲಿ ಮತ್ತೊಮ್ಮೆ ಬದಲಿಸಿ ಡ್ಯಾಮಿನ ಆಫೀಸಿಗೆ ಹೋದೆವು. ಅಧಿಕಾರಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ನಾಯನ ಕೈ ಕಟ್ಟಿ ನಿಂತು ಕೇಳಿದ.

‘ಸಾರ್, ಹೊಳೆ ಬಯಲಿನಾಗೆ ಮಗ್ಗ ಹಾಕ್ಬೇಕು ಅಂತ ಐತೆ. ನೀರು ಬರ್ತೈತಾ?’

‘ಹೊಳೆ ಬರಬಾರ್ದು ಅಂತಲೇ ಅಲ್ವೇನಯ್ಯಾ ಡ್ಯಾಮು ಕಟ್ಟಿರೋದು? ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬರಲ್ಲ, ಹೋಗು.’

ಅಷ್ಟೇ. ಬರೆದು ಕೊಡಿ ಎಂದು ಕೇಳುವ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ. ಪೆನ್ನು ಹಿಡಿದವರ ಬಾಯಿಂದ ಬಂದದ್ದು ಬರೆದದ್ದಕ್ಕೆ ಸಮ ಎಂದು ನಾಯನ ನಂಬಿದ್ದ. ಬಸ್ಸಿನಲ್ಲಿ ಬರುವಾಗ ನನಗೆ ಕಡಲೆಕಾಯಿ ಕೊಡಿಸಿದ.

ನಾವು ಕೆಳಗಿನ ಬಯಲಿಗೆ ಮನೆ ಇಳಿಸಿದೆವು. ಕಲ್ಲು ಮಣ್ಣಿನ ಗೋಡೆ, ಮೇಲೆ ತಗಡು, ಒಳಗೆ ಗುಂಡಿ ಮಗ್ಗ. ಮೊದಲ ಹಾಸು ನೇಯುವಾಗಲೇ ಗೊತ್ತಾಯಿತು, ಎಳೆ ಕಡಿಯುತ್ತಿರಲಿಲ್ಲ. ನಾಯನ ಲಾಳಿ ಎಸೆಯುತ್ತಿದ್ದರೆ ಹಾಡಿಕೊಳ್ಳುತ್ತಿದ್ದ. ಆ ಸುಖವನ್ನು ಒಬ್ಬನೇ ಇಟ್ಟುಕೊಳ್ಳಲು ಅವನಿಗೆ ಆಗಲಿಲ್ಲ. ಮೇಲಿನ ಬೀದಿಗೆ ಹೋಗಿ ಒಬ್ಬೊಬ್ಬರನ್ನೇ ಕರೆದ. ಮೂರು ವರ್ಷದಲ್ಲಿ ಆರು ಮನೆ ಬಂದವು. ಕೊನೆಗೆ ಬಂದವನು ನನ್ನ ಮಾವ, ಅಮ್ಮನ ತಮ್ಮ. ಅವನಿಗೆ ಮನಸ್ಸಿರಲಿಲ್ಲ. ‘ಬಾವಾ, ನನಗ್ಯಾಕೋ ಭಯ’ ಎನ್ನುತ್ತಿದ್ದ. ನಾಯನ ಅವನ ಹೆಗಲ ಮೇಲೆ ಕೈ ಹಾಕಿ, ‘ನಾನೇ ಆಫೀಸಿನಾಗೆ ಕೇಳ್ಕೊಂಡು ಬಂದೀನಿ ಕಣಪ್ಪ. ನಾನಿದ್ದೀನಿ ಬಾ’ ಎಂದ. ಆ ಮಾತಿಗೆ ಕಟ್ಟುಬಿದ್ದು ಮಾವ ಬಂದ. ಅವ್ವ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು.

ದಶಕದ ಕೊನೆಗೆ ಒಂದು ವರ್ಷ ಮೇಲುಸೀಮೆಯಲ್ಲಿ ಒಳ್ಳೆಯ ಮಳೆಯಾಯಿತು. ನಮ್ಮೂರಲ್ಲಿ ಅಲ್ಲ, ಡ್ಯಾಮಿನ ಮೇಲಿನ ಗುಡ್ಡಗಳಲ್ಲಿ. ಡ್ಯಾಮು ತುಂಬಿತು. ಸುದ್ದಿ ಕೇಳಿ ನಮ್ಮವರೂ ಟ್ರ್ಯಾಕ್ಟರ್ ಮಾಡಿಕೊಂಡು ನೋಡಲು ಹೋದರು, ನಾಯನನೂ ಹೋಗಿ ಹೂ ಹಾಕಿ ಕೈ ಮುಗಿದು ಬಂದ. ‘ಕಣ್ಣು ತುಂಬ ನೀರು’ ಎಂದ. ಆಗಲೇ ಸ್ವಲ್ಪ ಸ್ವಲ್ಪ ಬಿಟ್ಟಿದ್ದರೆ ಹೊಳೆಗೆ ತನ್ನ ದಾರಿ ನೆನಪಾಗುತ್ತಿತ್ತು, ನಮಗೂ ಎಚ್ಚರ ಬರುತ್ತಿತ್ತು. ಪಾದ ಮುಳುಗುವಷ್ಟು ನೀರು ಕಂಡಿದ್ದರೂ ಸಾಕಿತ್ತು, ಅವ್ವನ ಮಾತು ನೆನೆದು ಮೇಲೆ ಹತ್ತಿರುತ್ತಿದ್ದೆವು. ಬಿಡಲಿಲ್ಲ. ಯಾಕೆಂದರೆ ದೊಡ್ಡವರು ಬಾಗಿನ ಕೊಡಲು ಬರಬೇಕಾಗಿತ್ತು. ಬಾಗಿನ ಕೊಡುವಾಗ ನೀರು ಕಟ್ಟೆಯ ಬಾಯಿ ಮುಟ್ಟಿರಬೇಕು, ಒಂದಡಿ ಕಡಿಮೆಯಿದ್ದರೆ ಫೋಟೋ ಚೆನ್ನಾಗಿ ಬರುವುದಿಲ್ಲ. ಅವರು ಬರುವುದು ಒಂದು ವಾರ ಮುಂದೆ ಹೋಯಿತು, ಆಮೇಲೆ ಇನ್ನೊಂದು ವಾರ. ಈ ಮಾತನ್ನು ನನಗೆ ಹೇಳಿದ್ದು ಡ್ಯಾಮಿನ ಮೇಲೆಯೇ ಕೂಲಿ ಮಾಡುತ್ತಿದ್ದವನು. ಗೇಟಿನ ಕಂಬಿಗಳಿಗೆ ಬಣ್ಣ ಬಳಿಯುತ್ತಿದ್ದನಂತೆ. ತುಂಬಿದ ಕೊಡ ಹೊತ್ತವರು ಕೂಡ ಒಂದು ಗುಟುಕು ಚೆಲ್ಲಿ ನಡೆಯುತ್ತಾರೆ. ಇವರಿಗೆ ಅಷ್ಟೂ ತಿಳಿಯಲಿಲ್ಲ. ಮೇಲೆ ಮತ್ತೆ ಮಳೆ ಹೊಯ್ದಾಗ ಡ್ಯಾಮಿನಲ್ಲಿ ಬೊಗಸೆ ನೀರಿಗೂ ಜಾಗವಿರಲಿಲ್ಲ. ಇದ್ದ ಗೇಟನ್ನೆಲ್ಲ ಒಟ್ಟಿಗೆ ಎತ್ತಿದರು.

ಆ ದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನೇಕಾರರು ಗುಂಡಿಗಿಳಿಯುವುದಿಲ್ಲ, ಮಗ್ಗಕ್ಕೆ ಪೂಜೆ ಮಾಡಿ ಬಿಡುವು ಕೊಡುತ್ತಾರೆ. ಏಳೂ ಮನೆಯವರು ಬುತ್ತಿ ಕಟ್ಟಿಕೊಂಡು ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ಹೋಗಿದ್ದೆವು. ಬೆಟ್ಟದ ಮೇಲೆ ಬಿಸಿಲು ನೆತ್ತಿ ಸುಡುತ್ತಿತ್ತು. ಬಂಡೆ ಕಾದು ಕಾಲಿಡಲಾಗದೆ ನಾವು ನೆರಳಿಂದ ನೆರಳಿಗೆ ಓಡುತ್ತಿದ್ದೆವು. ಆಕಾಶದಲ್ಲಿ ಅಂಗೈಯಷ್ಟೂ ಮೋಡವಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಆ ದಿನ ನಮ್ಮ ಸೀಮೆಯಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ.

ಊಟ ಮುಗಿಸಿ ಎಲೆ ಎಸೆಯಲು ಹೋದ ಅಮ್ಮ ಬಂಡೆಯ ಅಂಚಿನಲ್ಲಿ ನಿಂತುಬಿಟ್ಟಳು. ‘ಅದೇನದು ಕೆಂಪಗೆ?’ ಎಂದಳು. ನಾವೆಲ್ಲ ಎದ್ದು ಹೋಗಿ ನೋಡಿದೆವು. ದೂರದಲ್ಲಿ, ಜಾಲಿಯ ಹಸಿರಿನ ನಡುವೆ, ಕೆಂಪು ಪಟ್ಟೆಯೊಂದು ಹಿಗ್ಗುತ್ತಾ ಊರ ಕಡೆ ಬರುತ್ತಿತ್ತು. ಮೊದಲು ಧೂಳು ಅಂದುಕೊಂಡೆವು. ಮುಂದೆ ಮುಳ್ಳಿನ ಕಾಡು ದಟ್ಟವಾಗಿದ್ದ ಕಡೆ ಅದು ಒಂದು ಗಳಿಗೆ ತಡೆದು, ಅಗಲವಾಗಿ ಹರಡಿ, ಪಕ್ಕದ ಬಯಲಿಗೆ ತಿರುಗಿತು. ಆ ಬಯಲಿನಲ್ಲಿ ನಮ್ಮ ಏಳು ತಗಡಿನ ಮಾಡುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನಾಯನ ಚಪ್ಪಲಿ ಬಿಟ್ಟು ಇಳಿಯಲು ಓಡಿದ. ಓಡಿ ಏನು ಮಾಡುವುದು? ಬೆಟ್ಟ ಇಳಿದು ಊರು ಸೇರಲು ಎರಡು ಗಂಟೆ ಬೇಕು. ನಾವು ನೋಡುತ್ತಿದ್ದ ಹಾಗೆ ಒಂದೊಂದೇ ತಗಡು ಹೊಳೆಯುವುದು ನಿಂತಿತು.

ಯಾರೂ ಸಾಯಲಿಲ್ಲ. ಆಮೇಲೆ ಬಂದ ಎಲ್ಲ ಸಾಹೇಬರೂ ಹೇಳಿದ್ದು ಇದನ್ನೇ, ‘ಪುಣ್ಯ, ಪ್ರಾಣಹಾನಿ ಇಲ್ಲ’. ಅವರು ಉಳಿಸಿದ ಹಾಗೆ ಮಾತಾಡುತ್ತಿದ್ದರು. ಹಿಂದಿನ ದಿನ ನೀರು ಬಂದಿದ್ದರೆ ಏಳು ಗುಂಡಿಯಲ್ಲಿ ಏಳು ಜನ ಕಾಲು ಇಳಿಬಿಟ್ಟು ಕೂತಿರುತ್ತಿದ್ದರು. ತಮಟೆ ಹೊಡೆಸಿದ್ದೆವು ಎಂದೂ ಹೇಳಿದರು. ಊರಲ್ಲಿ ಉಳಿದಿದ್ದ ಯಾರನ್ನೇ ಕೇಳಿ, ಆ ತಮಟೆ ಕೇಳಿದವರು ಒಬ್ಬರೂ ಇಲ್ಲ.

ನೀರು ಮಾರನೆಯ ದಿನವೇ ಇಳಿಯಿತು. ಗುಂಡಿಗಳು ಎಲ್ಲಿದ್ದವು ಎಂದೇ ಗೊತ್ತಾಗುತ್ತಿರಲಿಲ್ಲ, ನೆಲ ಸಮನಾಗಿ ಕೆಸರು ಕೂತಿತ್ತು. ಮಗ್ಗದ ಮರಮುಟ್ಟು ಮೈಲಿ ದೂರದಲ್ಲಿ ಸಿಕ್ಕಿತು. ಹಾಸುಗಳು ಮಾತ್ರ ದಾರಿಯುದ್ದಕ್ಕೂ ಜಾಲಿ ಮುಳ್ಳಿಗೆ ಸಿಕ್ಕಿಕೊಂಡು ನೇತಾಡುತ್ತಿದ್ದವು, ಕೆಂಪು, ಹಸಿರು, ಅರಿಶಿನ. ನಾಯನ ಎರಡು ದಿನ ಆ ಮುಳ್ಳಿನಲ್ಲಿ ಕೈ ಹಾಕಿ ಎಳೆ ಬಿಡಿಸಿದ. ಅದು ಯಾವ ಕೆಲಸಕ್ಕೂ ಬಾರದು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಬೇಡವೆಂದರೂ ಕೇಳಲಿಲ್ಲ, ಮುಂಗೈಯೆಲ್ಲ ಗೀರಿಕೊಂಡ.

ಮೂರನೆಯ ದಿನ ಮಾವ ನಮ್ಮ ಮುಂದೆ ಬಂದು ನಿಂತ. ಮೇಲಿನ ಬೀದಿಯ ಶಾಲೆಯಲ್ಲಿ ನಮ್ಮನ್ನೆಲ್ಲ ಇಳಿಸಿದ್ದರು. ಮಾವ ಕೂಗಾಡಲಿಲ್ಲ. ‘ಬಾವಾ, ನಾನು ಬರಲ್ಲ ಅಂದಿದ್ದೆ. ನೀನು ಕರೆದೆ, ಬಂದೆ’ ಎಂದ. ಇಷ್ಟು ಹೇಳಿ ತನ್ನ ಚಾಪೆ ಸುತ್ತಿಕೊಂಡು ಆಚೆ ಕೋಣೆಗೆ ಹೋದ. ಉಳಿದ ಐದು ಮನೆಯವರು ಅಷ್ಟೂ ಹೇಳಲಿಲ್ಲ, ನಾಯನ ಬಂದರೆ ಮಾತು ನಿಲ್ಲಿಸುತ್ತಿದ್ದರು. ಹೆಂಗಸರು ಅಮ್ಮನ ಕಿವಿಗೆ ಬೀಳುವ ಹಾಗೆ, ‘ಮುದುಕಿ ಆವತ್ತೇ ಬೇಡ ಅಂದಿತ್ತಂತೆ’ ಎನ್ನುತ್ತಿದ್ದರು.

ನಾಯನ ಮತ್ತೆ ನನ್ನನ್ನು ಕರೆದುಕೊಂಡು ಡ್ಯಾಮಿನ ಆಫೀಸಿಗೆ ಹೊರಟ. ಅದೇ ಕೋಣೆ, ಅದೇ ಮೇಜು, ಅಧಿಕಾರಿ ಬೇರೆ.

‘ಪರಿಹಾರಕ್ಕೆ ಇಲ್ಲಿಗೆ ಬರಬಾರ್ದು. ಕಂದಾಯದವರ ಹತ್ರ ಹೋಗ್ರಿ’ ಎಂದರು.

‘ಪರಿಹಾರ ಕೇಳಾಕೆ ಬಂದಿಲ್ಲ ಸಾರ್. ನೀವು ಗೇಟು ತೆಗೆದ್ರಿ ಅಂತ ಒಂದು ಸಾಲು ಬರ್ಕೊಡ್ರಿ. ನಮ್ಮ ಜನಕ್ಕೆ ತೋರಿಸ್ಬೇಕು.’

‘ಹಂಗೆಲ್ಲ ಬರೆಯಾಕಾಗಲ್ಲ. ಮಳೆ ಬಂತು, ಒಳಹರಿವು ಹೆಚ್ಚಾಯ್ತು. ಅದು ಪ್ರಕೃತಿ. ಅದಿರ್ಲಿ, ಹೊಳೆಯೊಳಗೆ ಹೋಗಿ ಮನೆ ಕಟ್ಟು ಅಂತ ನಿಂಗೆ ಹೇಳ್ದೋರು ಯಾರು?’

‘ಇದೇ ಕುರ್ಚ್ಯಾಗೆ ಕೂತಿದ್ದೋರು, ಸಾರ್’ ಎಂದ ನಾಯನ.

ಅವರು ನಕ್ಕರು. ನನಗೆ ಆ ನಗುವಿನ ಮುಖಕ್ಕೆ ಮಸಿ ಬಾಟಲಿ ಬೀಸಿ ಹೊಡೆಯುವಷ್ಟು ಸಿಟ್ಟು ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ನಾಯನ ನನ್ನ ಕೈ ಒತ್ತಿ ಹಿಡಿದ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವನು ಒಂದೇ ಮಾತಾಡಿದ್ದು. ‘ಕಂದಾಯದವರು ಮಹಜರು ಬರೀತಾರಲ್ಲ, ಅದ್ರಾಗಾದ್ರೂ ನಿಜ ಬರ್ತೈತೆ. ಅಷ್ಟಾದ್ರೆ ಸಾಕು’ ಎಂದ. ಮಹಜರು ಎಂದರೆ ನಡೆದದ್ದನ್ನು ಜಾಗದಲ್ಲೇ ಬರೆದು, ಊರವರಿಂದ ಸಹಿ ಹಾಕಿಸಿಕೊಳ್ಳುವ ಸರ್ಕಾರಿ ಕಾಗದ. ಅದರಲ್ಲಿ ಗೇಟಿನ ಮಾತು ಬಂದರೆ ಮಾವ ಓದುತ್ತಾನೆ, ಬೀದಿ ಓದುತ್ತದೆ ಎನ್ನುವುದು ಅವನ ಆಸೆ.

ಗ್ರಾಮ ಲೆಕ್ಕಿಗರು ವಾರದ ಮೇಲೆ ಬಂದರು. ಕೆಟ್ಟ ಮನುಷ್ಯರಲ್ಲ. ಶಾಲೆಯ ಜಗುಲಿಯಲ್ಲಿ ಕೂತು ನಮ್ಮ ಕಥೆ ಪೂರ್ತಿ ಕೇಳಿದರು. ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು, ‘ನೀವು ಹೇಳೋದೆಲ್ಲ ನಿಜ. ಆದ್ರೆ ಡ್ಯಾಮಿನ ನೀರಿಗೆ ನಮ್ಮ ಫಾರಮ್ಮಿನಾಗೆ ಕಾಲಂ ಇಲ್ಲ. ಅತಿವೃಷ್ಟಿಗೆ ಐತೆ, ಬೆಂಕಿಗೆ ಐತೆ, ಸಿಡಿಲಿಗೆ ಐತೆ. ಮಳೆ ಅಂತ ಬರೆದ್ರೆ ಮನೆಗೆ ತಗಡು, ಮಗ್ಗಕ್ಕೆ ಸಾಮಾನು ಸಿಗ್ತೈತೆ. ಗೇಟು ಅಂತ ಬರೆದ್ರೆ ಫೈಲು ಡ್ಯಾಮಿನವರ ಹತ್ರ ಹೋಗ್ತೈತೆ, ಅಲ್ಲಿಂದ ವಾಪಸ್ಸು ಬರಲ್ಲ’ ಎಂದರು. ಅವರು ನನ್ನ ಕಡೆ ತಿರುಗಿ, ‘ನೀನು ಕಾಲೇಜು ಓದ್ತಿದೀಯ ಅಲ್ವೇನಮ್ಮ? ಏಳು ಮನೇದು ನಾನೊಬ್ಬನೇ ಬರೆದ್ರೆ ಹೊತ್ತು ಮುಳುಗ್ತೈತೆ. ನಾ ಹೇಳ್ತೀನಿ, ನೀ ಬರಿ’ ಎಂದು ಕಾಗದ ಕೊಟ್ಟರು.

ನಾನು ಬರೆಯತೊಡಗಿದೆ. ಊರು, ತಾರೀಖು, ಮನೆ ಯಜಮಾನರ ಹೆಸರು. ಆಮೇಲೆ ಅವರು ನಿಧಾನವಾಗಿ ಹೇಳಿದರು: ‘ಸದರಿ ದಿನ ಗ್ರಾಮದಲ್ಲಿ ಸುರಿದ ಭಾರಿ ಮಳೆಯಿಂದಾಗಿ…’ ನನ್ನ ಪೆನ್ನು ನಿಂತಿತು. ಬೆಟ್ಟದ ಕಾದ ಬಂಡೆ ಕಾಲಡಿಗೆ ಬಂದ ಹಾಗಾಯಿತು. ನಾಯನನ ಮುಖ ನೋಡಲು ಧೈರ್ಯ ಬರಲಿಲ್ಲ. ಮಾವನ ಹೆಂಡತಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ಮೈಮೇಲಿದ್ದುದು ಬಿಟ್ಟರೆ ಅವಳಿಗೆ ಇನ್ನೊಂದು ಸೀರೆ ಇರಲಿಲ್ಲ. ‘ಬರಿಯಮ್ಮ’ ಎಂದಳು. ಮಳೆ ಎಂದು ಬರೆದರೆ ಇವರಿಗೆಲ್ಲ ಸೂರು. ಮಳೆ ಎಂದು ಬರೆದರೆ ಗೇಟು ಎತ್ತಿದವರು ಯಾರೂ ಇಲ್ಲ, ಹೊಳೆಯೊಳಗೆ ಆರು ಮನೆ ಕರೆತಂದ ನನ್ನ ಅಪ್ಪ ಒಬ್ಬನೇ ಇದ್ದಾನೆ. ನನಗೆ ಇದು ಆ ಗಳಿಗೆಯಲ್ಲೇ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಬರೆದೆ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ಬರೆದೆ. ಏಳು ಸಲ ಬರೆದೆ.

ಮೊದಲ ಸಹಿ ನಾಯನನದು. ಅವನು ಕನ್ನಡವನ್ನು ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದ. ಮುಳ್ಳು ಗೀರಿದ ಆ ಬೆರಳು ಸಾಲಿನ ಕೆಳಗೆ ನಡೆಯುತ್ತಾ ಬಂದು ‘ಭಾರಿ ಮಳೆ’ಯ ಹತ್ತಿರ ನಿಂತಿತು. ಮಾವ ಅಂಗಳದ ಕಡೆ ಮುಖ ತಿರುಗಿಸಿಕೊಂಡ. ಬೆರಳು ಬಹಳ ಹೊತ್ತು ಅಲ್ಲೇ ಇತ್ತು. ನಾನು ಬೈಗುಳಕ್ಕೆ ಕಾದೆ, ಕಾಗದ ಹರಿದು ಎಸೆದರೆ ಸಾಕಪ್ಪ ಎಂದು ಕಾದೆ. ನಾಯನ ತಲೆ ಎತ್ತಿ, ‘ಅಕ್ಷರ ದುಂಡಗೆ ಚೆನ್ನಾಗೈತೆ ಕಣಮ್ಮ’ ಎಂದು ಸಹಿ ಹಾಕಿದ.

ತಗಡು ಬಂತು, ಮಗ್ಗದ ಸಾಮಾನೂ ಬಂತು. ಎಲ್ಲರೂ ಮೇಲಿನ ಬೀದಿಯಲ್ಲೇ ಜಾಗ ಮಾಡಿಕೊಂಡು, ಒಣ ಗುಂಡಿಯಲ್ಲಿ ಎಳೆ ಗಂಟು ಹಾಕುತ್ತ ನೇಯ್ದರು. ನಾಯನ ನೇಯಲಿಲ್ಲ. ಬೇರೆಯವರಿಗೆ ನೂಲು ಸುತ್ತಿಕೊಡುತ್ತಾ ಗೋಡೆಯ ಪಕ್ಕ ಕೂತಿರುತ್ತಿದ್ದ. ಹಬ್ಬಕ್ಕೆ ಕರೆದರೆ ಮಾವ ಬರುತ್ತಿದ್ದ, ಉಣ್ಣುತ್ತಿದ್ದ, ಬಾವನ ಹತ್ತಿರ ಮಾತ್ರ ಕೂರುತ್ತಿರಲಿಲ್ಲ.

ನನಗೆ ಮದುವೆಯಾಗಿ, ಮಗಳು ಮಾತು ಕಲಿತ ಮೇಲೆ ಒಮ್ಮೆ ತವರಿಗೆ ಹೋಗಿದ್ದೆ. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಹೊರಗೆ ಮಗಳು ತಾತನ ತೊಡೆಯ ಮೇಲೆ ಕೂತು, ನಿನ್ನ ಮಗ್ಗ ಎಲ್ಲಿ ಹೋಯಿತು ಎಂದು ಕೇಳಿದಳು. ಈಗಲಾದರೂ ಹೇಳುತ್ತಾನೆ, ಡ್ಯಾಮಿನವರ ಹೆಸರೆತ್ತಿ ನಾಲ್ಕು ಬೈಯುತ್ತಾನೆ ಎಂದು ನಾನು ತಟ್ಟುವುದನ್ನು ನಿಲ್ಲಿಸಿ ಕಿವಿಗೊಟ್ಟೆ.

‘ಆವತ್ತು ಭಾರಿ ಮಳೆ ಬಂತು ಕಣವ್ವ’ ಎಂದ ನಾಯನ. ‘ನಾನೇ ತಿಳೀದೆ ಎಲ್ಲರನ್ನೂ ಕೆಳಕ್ಕೆ ಕರ್ಕೊಂಡು ಹೋಗಿದ್ದೆ.’